ಸೇವೆಯನ್ನು ಕೂಡಿ ಕಟ್ಟಿದವರು ಅದನ್ನು ಅಳೆಯಬಹುದೇ?

ಪ್ರಶ್ನೆ: ಮನೆಯಲ್ಲೇ ಇರುವ ವಯೋವೃದ್ಧರಿಗೆ ನೆರವಾಗುವ ಒಂದು ಸಮುದಾಯ ಸೇವೆಯನ್ನು ನಮ್ಮ ಸಂಸ್ಥೆ ಮೂರು ವರ್ಷಗಳಿಂದ ನಡೆಸುತ್ತಿದೆ. ಮನೆಭೇಟಿ, ಆಸ್ಪತ್ರೆಗೆ ಕರೆದೊಯ್ಯುವುದು, ಒಂಟಿಯಾಗಿರುವವರನ್ನು ದಿನವೂ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಇದರ ಮುಖ್ಯ ಕೆಲಸಗಳು. ಸೇವೆ ಪಡೆಯುವ ಹಿರಿಯರೂ ಅವರನ್ನು ನೋಡಿಕೊಳ್ಳುವ ಮನೆಯವರೂ ಮೊದಲಿನಿಂದ ಯೋಜನಾ ಸಮಿತಿಯಲ್ಲಿದ್ದಾರೆ. ಈಗ ಅನುದಾನ ನೀಡುವವರು ಮೌಲ್ಯಮಾಪನ ವರದಿ ಕೇಳಿದ್ದು, ಜನರ ಸಹಭಾಗಿತ್ವದಿಂದ ಏನು ಪ್ರಯೋಜನವಾಯಿತು ಎಂಬುದನ್ನು ಅಂಕಿಅಂಶಗಳಲ್ಲಿ ತೋರಿಸಬೇಕೆಂದಿದ್ದಾರೆ. ಮೌಲ್ಯಮಾಪನದಲ್ಲೂ ಹಿರಿಯರು ಪಾಲ್ಗೊಳ್ಳಬೇಕೆಂಬುದು ಸಮಿತಿಯ ಕೆಲವರ ಬಯಕೆ. ಹಾಗೆ ಮಾಡಿದರೆ ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕಿಕೊಂಡಂತಾಗುತ್ತದೆ ಎಂಬುದು ಸಿಬ್ಬಂದಿಯಲ್ಲಿ ಕೆಲವರ ಆಕ್ಷೇಪ. ಹೇಗೆ ಮುಂದುವರಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಸೇವೆ ಚೆನ್ನಾಗಿದೆಯೇ ಎಂಬುದು ಒಂದು. ಹಿರಿಯರೊಂದಿಗೆ ಕೂಡಿ ನಡೆಸಿದ್ದರಿಂದ ಅದು ಚೆನ್ನಾಯಿತೇ ಎಂಬುದು ಇನ್ನೊಂದು. ಅನುದಾನ ನೀಡುವವರು ಕೇಳಿರುವುದು ಎರಡನೆಯದನ್ನು. ಆದರೆ ಇಂಥ ವರದಿಗಳಲ್ಲಿ ಹಲವು ಮೊದಲನೆಯದಕ್ಕೆ ಉತ್ತರ ಬರೆದು, ಕೊನೆಗೆ ಸಭೆಯ ಒಂದೆರಡು ಛಾಯಾಚಿತ್ರಗಳನ್ನು ಸೇರಿಸಿ, ಎರಡನೆಯದಕ್ಕೂ ಉತ್ತರ ಕೊಟ್ಟಾಯಿತೆಂದು ಭಾವಿಸುತ್ತವೆ. ಮೌಲ್ಯಮಾಪನದಲ್ಲಿ ಹಿರಿಯರು ಪಾಲ್ಗೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಸಿಬ್ಬಂದಿಯ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ವಾದದಿಂದಲ್ಲ, ಕೆಲಸದ ಹಂಚಿಕೆಯಿಂದ ಉತ್ತರ ಕೊಡಬೇಕು. ಆ ಹಂಚಿಕೆಯ ಮಾತಿಗೆ ಬರುವ ಮುನ್ನ ಅಳೆಯಬೇಕಾದ್ದು ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ.

ಸೇವೆ ಕೊಡುವವರೂ ಪಡೆಯುವವರೂ ಕೂಡಿ ಅದನ್ನು ರೂಪಿಸಿ ನಡೆಸುವುದಕ್ಕೆ ‘ಕೋ-ಪ್ರೊಡಕ್ಷನ್’ ಎಂಬ ಹೆಸರಿದೆ. ಇಲ್ಲಿ ಅದನ್ನು ಸಹನಿರ್ಮಾಣ ಎಂದು ಕರೆಯುತ್ತೇನೆ. ಈ ಪರಿಕಲ್ಪನೆ ರೂಪುಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ಪೊಲೀಸ್ ಸೇವೆಯನ್ನು ಕುರಿತು ನಡೆಸಿದ ಅಧ್ಯಯನಗಳ ಹಿನ್ನೆಲೆಯಲ್ಲಿ. ಇಲಾಖೆ ದೊಡ್ಡದಾದಷ್ಟೂ ಸೇವೆ ಉತ್ತಮವಾಗುತ್ತದೆ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಇಂಡಿಯಾನಾಪೊಲಿಸ್‌ನ ದೊಡ್ಡ ಇಲಾಖೆಯ ವ್ಯಾಪ್ತಿಯ ಬಡಾವಣೆಗಳನ್ನು, ಪಕ್ಕದಲ್ಲೇ ಸಣ್ಣ ಸ್ವತಂತ್ರ ಇಲಾಖೆಗಳಿದ್ದ ಅದೇ ಬಗೆಯ ಬಡಾವಣೆಗಳೊಂದಿಗೆ ಹೋಲಿಸಿ ನೋಡಿದಾಗ, ಸಣ್ಣ ಇಲಾಖೆಗಳ ಕೆಲಸ ಹಲವು ಅಂಶಗಳಲ್ಲಿ ಮೇಲಾಗಿಯೇ ಕಂಡಿತು. ನಿವಾಸಿಗಳು ಕಂಡದ್ದನ್ನು ತಿಳಿಸದಿದ್ದರೆ, ಸಾಕ್ಷಿ ಹೇಳಲು ಮುಂದೆ ಬರದಿದ್ದರೆ, ಅಕ್ಕಪಕ್ಕದ ಮನೆಗಳ ಮೇಲೆ ಒಂದು ಕಣ್ಣಿಡದಿದ್ದರೆ, ಸುರಕ್ಷತೆಯನ್ನು ಇಲಾಖೆಯೊಂದೇ ತಯಾರಿಸಿ ವಿತರಿಸಲಾರದು ಎಂಬ ಅರಿವು ಈ ಸಂಶೋಧನೆಯ ಉದ್ದಕ್ಕೂ ಗಟ್ಟಿಯಾಗುತ್ತ ಹೋಯಿತು. ಸಾಮುದಾಯಿಕ ಸಂಪನ್ಮೂಲಗಳ ನಿರ್ವಹಣೆಯ ಅಧ್ಯಯನಕ್ಕಾಗಿ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ.

ಈ ಹಿನ್ನೆಲೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಸೇವೆ ಪಡೆಯುವವರ ಶ್ರಮವೂ ತಿಳಿವಳಿಕೆಯೂ ಆ ಸೇವೆಯ ಕಚ್ಚಾಸಾಮಗ್ರಿಯ ಭಾಗವಾಗಿದ್ದರೆ, ಅದನ್ನು ಲೆಕ್ಕಕ್ಕೆ ಹಿಡಿಯದ ಮೌಲ್ಯಮಾಪನ ನ್ಯಾಯದ ದೃಷ್ಟಿಯಿಂದ ಮಾತ್ರವಲ್ಲ, ಬರೀ ಗಣಿತದ ದೃಷ್ಟಿಯಿಂದಲೂ ತಪ್ಪಾಗುತ್ತದೆ. ಹಿರಿಯರೊಬ್ಬರು ತಮ್ಮ ಮಾತ್ರೆಗಳ ಪಟ್ಟಿಯನ್ನು ಸಿದ್ಧವಾಗಿಟ್ಟುಕೊಂಡಿರುವುದರಿಂದ ಮನೆಭೇಟಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದಾದರೆ, ಆ ದಕ್ಷತೆಯ ಒಂದು ಪಾಲು ಅವರದ್ದು. ನಮ್ಮ ಕಚೇರಿ ಭಾಷೆಯಲ್ಲಿ ಅವರಿಗೆ ‘ಫಲಾನುಭವಿ’ ಎನ್ನುತ್ತೇವೆ. ಫಲವನ್ನು ಉಣ್ಣುವವರು ಎಂದು ಹೆಸರಿಟ್ಟ ಮೇಲೆ, ಗಿಡಕ್ಕೆ ನೀರೆರೆದವರಲ್ಲಿ ಅವರೂ ಇದ್ದರೆಂಬುದು ಮರೆತುಹೋಗುವುದು ಸಹಜ. ನಿಮ್ಮ ವರದಿಯಲ್ಲಿ ಆ ಪದವನ್ನು ಬಳಸದಿದ್ದರೆ ಒಳ್ಳೆಯದು.

ಮೊದಲ ಕೆಲಸ, ನಿಮ್ಮಲ್ಲಿ ನಡೆದಿರುವುದು ನಿಜಕ್ಕೂ ಸಹನಿರ್ಮಾಣವೇ ಎಂದು ಪರೀಕ್ಷಿಸಿಕೊಳ್ಳುವುದು. ಸಮಿತಿಯಲ್ಲಿ ಹಿರಿಯರಿದ್ದಾರೆ ಎಂಬುದಷ್ಟೇ ಅದಕ್ಕೆ ಪುರಾವೆಯಲ್ಲ. ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ನೀತಿ ವಿಶ್ಲೇಷಕಿ 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ನಾಗರಿಕರ ಸಹಭಾಗಿತ್ವವನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಎರಡು ಮೆಟ್ಟಿಲುಗಳನ್ನು ಅವರು ಸಹಭಾಗಿತ್ವವೆಂದೇ ಒಪ್ಪಲಿಲ್ಲ. ಅಭಿಪ್ರಾಯ ಕೇಳುವುದು ನಾಲ್ಕನೆಯ ಮೆಟ್ಟಿಲು. ಸಮಿತಿಯಲ್ಲಿ ಒಂದೆರಡು ಸ್ಥಾನ ಕೊಟ್ಟು ಸಮಾಧಾನಪಡಿಸುವುದು ಐದನೆಯದು. ನಿರ್ಧಾರವನ್ನು ನಿಜವಾಗಿ ಹಂಚಿಕೊಳ್ಳುವ ಪಾಲುದಾರಿಕೆ ಆರಂಭವಾಗುವುದು ಆರನೆಯದರಲ್ಲಿ. ಎಲ್ಲರೂ ಎಂಟನೆಯ ಮೆಟ್ಟಿಲಿಗೆ ಏರಲೇಬೇಕೆಂಬ ಹಟ ನನಗಿಲ್ಲ. ಆಸ್ಪತ್ರೆಗೆ ಹೋಗುವ ವಾಹನದ ವಿಮೆಯನ್ನು ಯಾವ ಕಂಪನಿಯಿಂದ ಕೊಳ್ಳಬೇಕೆಂಬುದನ್ನು ಎಲ್ಲರೂ ಕುಳಿತು ಚರ್ಚಿಸಬೇಕಾಗಿಲ್ಲ. ಆದರೆ ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸದೆ ‘ಸಹಭಾಗಿತ್ವದ ಪ್ರಯೋಜನ’ವನ್ನು ಅಳೆಯಲು ಹೊರಟರೆ, ಇಲ್ಲದ ವಸ್ತುವನ್ನು ತಕ್ಕಡಿಗೆ ಹಾಕಿದಂತಾಗುತ್ತದೆ.

ಇದಕ್ಕೆ ಬೇಕಾದ ಸಾಕ್ಷ್ಯ ಈಗಾಗಲೇ ನಿಮ್ಮ ಕಪಾಟಿನಲ್ಲಿದೆ. ಮೂರು ವರ್ಷಗಳ ನಡಾವಳಿ ಪುಸ್ತಕವನ್ನು ತೆಗೆದು, ಇಬ್ಬರು ಹಿರಿಯರು ಮತ್ತು ಇಬ್ಬರು ಸಿಬ್ಬಂದಿ ಒಟ್ಟಿಗೆ ಕುಳಿತು, ಪ್ರತಿ ಮುಖ್ಯ ನಿರ್ಧಾರದ ಎದುರು ನಾಲ್ಕು ವಿಷಯಗಳನ್ನು ಬರೆಯಿರಿ: ವಿಷಯವನ್ನು ಸಭೆಯ ಮುಂದೆ ತಂದವರು ಯಾರು, ಸಂಸ್ಥೆಯ ಮೊದಲ ಪ್ರಸ್ತಾವ ಏನಿತ್ತು, ಚರ್ಚೆಯ ನಂತರ ಅದು ಬದಲಾಯಿತೇ, ಬದಲಾದದ್ದು ಜಾರಿಗೆ ಬಂತೇ. ಹಣದ ನಿರ್ಧಾರಗಳನ್ನು ಪ್ರತ್ಯೇಕವಾಗಿ ನೋಡಿ. ಭೇಟಿಯ ಸಮಯವನ್ನು ಬೆಳಗಿನಿಂದ ಸಂಜೆಗೆ ಬದಲಿಸಿಕೊಳ್ಳುವ ಅಧಿಕಾರ ಹಿರಿಯರಿಗಿದ್ದು, ಬಜೆಟ್ ಮಾತ್ರ ಅನುಮೋದನೆಯಾದ ಮೇಲೆ ಅವರ ಮುಂದೆ ಬರುತ್ತಿದ್ದರೆ ಅದೂ ಒಂದು ಫಲಿತಾಂಶವೇ. ಹಿರಿಯರು ಕೇಳಿದ್ದನ್ನು ಸಂಸ್ಥೆ ನಿರಾಕರಿಸಿದ ಪ್ರಸಂಗಗಳನ್ನು ಬಿಡಬೇಡಿ. ನಿರಾಕರಣೆಗೆ ಕಾರಣ ಹೇಳಲಾಗಿತ್ತೇ ಎಂಬುದು ಒಪ್ಪಿಗೆಗಳ ಸಂಖ್ಯೆಗಿಂತ ಹೆಚ್ಚಿನದನ್ನು ಹೇಳುತ್ತದೆ. ಎರಡು ಮೂರು ದಿನಗಳ ಈ ಕೆಲಸಕ್ಕೆ ಖರ್ಚೇನೂ ಇಲ್ಲ, ಮತ್ತು ಅನುದಾನ ನೀಡುವವರು ಬಯಸುವ ಅಂಕಿಸಂಖ್ಯೆಗಳಲ್ಲಿ ಮೊದಲ ಕಂತು ಇಲ್ಲಿಂದಲೇ ಸಿಗುತ್ತದೆ. ಮೂರು ವರ್ಷಗಳಲ್ಲಿ ಒಂದು ಪ್ರಸ್ತಾವವೂ ಬದಲಾಗಿಲ್ಲವೆಂದು ಕಂಡುಬಂದರೆ, ಸಹನಿರ್ಮಾಣದ ಪರಿಣಾಮ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ, ಅದನ್ನೇ ವರದಿಯಲ್ಲಿ ಬರೆಯಬೇಕು.

ಬದಲಾವಣೆಗಳಾಗಿವೆ ಎಂದಿಟ್ಟುಕೊಳ್ಳೋಣ. ಮುಂದಿನ ಹೆಜ್ಜೆ, ಯಾವ ಕೆಲಸದಿಂದ ಯಾವ ಪರಿಣಾಮ ಹೇಗೆ ಉಂಟಾಗುತ್ತದೆ ಎಂಬ ಕಾರ್ಯಕಾರಣ ಸರಪಳಿಯನ್ನು ಕೂಡಿ ಬರೆಯುವುದು. ಮೌಲ್ಯಮಾಪಕರು ಇದನ್ನು ಬದಲಾವಣೆಯ ಸಿದ್ಧಾಂತ ಎನ್ನುತ್ತಾರೆ. ಕ್ಯಾರೊಲ್ ವೈಸ್ ಎಂಬ ವಿದ್ವಾಂಸರು 1995ರಲ್ಲಿ ಸಮುದಾಯ ಕಾರ್ಯಕ್ರಮಗಳ ಸಂದರ್ಭದಲ್ಲಿ ಇದರ ಅಗತ್ಯವನ್ನು ವಿವರವಾಗಿ ಪ್ರತಿಪಾದಿಸಿದ್ದರು: ಕಾರ್ಯಕ್ರಮ ನಡೆಸುವವರ ತಲೆಯೊಳಗಿನ ಊಹೆಗಳನ್ನು ಕಾಗದದ ಮೇಲೆ ಇಳಿಸದಿದ್ದರೆ, ಯಾವ ಊಹೆ ಸುಳ್ಳಾಯಿತೆಂಬುದು ಕೊನೆಗೂ ತಿಳಿಯುವುದಿಲ್ಲ. ನಿಮ್ಮ ದಿನನಿತ್ಯದ ಫೋನ್ ಕರೆಯನ್ನೇ ತೆಗೆದುಕೊಳ್ಳಿ. ವ್ಯವಸ್ಥಾಪಕರನ್ನು ಕೇಳಿದರೆ, ಕರೆ ಮಾಡುವುದರಿಂದ ಆರೋಗ್ಯ ಹದಗೆಟ್ಟದ್ದು ಬೇಗ ತಿಳಿಯುತ್ತದೆ, ಆದ್ದರಿಂದ ತುರ್ತು ಚಿಕಿತ್ಸೆಗೆ ಸೇರಬೇಕಾದ ಪ್ರಸಂಗಗಳು ಕಡಿಮೆಯಾಗುತ್ತವೆ ಎಂದು ಬರೆಯಬಹುದು. ಒಂಟಿಯಾಗಿರುವ ಹಿರಿಯರು, ರಾತ್ರಿ ಬಿದ್ದರೆ ಬೆಳಗಿನೊಳಗೆ ಯಾರಿಗಾದರೂ ಗೊತ್ತಾಗುತ್ತದೆ ಎಂಬ ಧೈರ್ಯದಿಂದ ನಿದ್ದೆ ಬರುತ್ತದೆ ಎಂದು ಬರೆಯಬಹುದು. ಮಗಳು, ಕಚೇರಿಯಲ್ಲಿ ಮಧ್ಯಾಹ್ನದವರೆಗೆ ನೆಮ್ಮದಿಯಾಗಿ ಕೆಲಸ ಮಾಡಬಲ್ಲೆ ಎಂದು ಬರೆಯಬಹುದು. ಮೂವರೂ ಒಂದೇ ಕರೆಯ ಬಗ್ಗೆ ಹೇಳುತ್ತಿದ್ದಾರೆ, ಆದರೆ ಮೂರು ಬೇರೆ ಬೇರೆ ಸರಪಳಿಗಳು. ಹಾಗಾಗಿ ಅಳೆದು ನೋಡಬೇಕಾದ ಅಂಶಗಳು, ಅಂದರೆ ಸೂಚಕಗಳು, ಮೂರು ಬೇರೆ ಬೇರೆ.

ಹೊರಗಿನ ಸಂಸ್ಥೆಗೆ ಇಡೀ ಕೆಲಸವನ್ನು ವಹಿಸಿಕೊಟ್ಟಾಗ ಸಾಮಾನ್ಯವಾಗಿ ಮೊದಲನೆಯದೊಂದೇ ಉಳಿಯುತ್ತದೆ, ಏಕೆಂದರೆ ಅದು ಆಗಲೇ ಕಡತದಲ್ಲಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್ 1976ರಲ್ಲಿ ಎಚ್ಚರಿಸಿದ್ದು ಇದಕ್ಕೇ ಅನ್ವಯಿಸುತ್ತದೆ: ಒಂದು ಅಂಕಿಯ ಮೇಲೆ ನಿರ್ಧಾರಗಳು ನಿಂತಷ್ಟೂ ಆ ಅಂಕಿಯನ್ನು ತಿರುಚುವ ಒತ್ತಡ ಹೆಚ್ಚುತ್ತದೆ, ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ. ದಿನಕ್ಕೆ ಎಷ್ಟು ಕರೆಗಳಾದವು ಎಂಬುದನ್ನು ಎಣಿಸತೊಡಗಿದರೆ ಕರೆಗಳು ಚಿಕ್ಕದಾಗುತ್ತವೆ. ‘ಚೆನ್ನಾಗಿದ್ದೀರಾ’ ಎಂದು ಕೇಳಿ, ಉತ್ತರ ಪೂರ್ತಿಯಾಗುವ ಮೊದಲೇ ಫೋನ್ ಇಟ್ಟರೂ ಲೆಕ್ಕಕ್ಕೆ ಒಂದು ಕರೆ. ಇದನ್ನು ಎಲ್ಲರಿಗಿಂತ ಮೊದಲು ಗಮನಿಸುವವರು ಫೋನಿನ ಆ ತುದಿಯಲ್ಲಿರುವ ಹಿರಿಯರು. ಸೂಚಕಗಳನ್ನು ಆರಿಸುವ ಮೇಜಿನ ಬಳಿ ಅವರೂ ಇರಬೇಕೆಂದು ಹೇಳುವುದು ಸೌಜನ್ಯಕ್ಕಲ್ಲ. ಅಳತೆ ಎಲ್ಲಿ ಮೋಸಮಾಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಸೂಚಕಗಳು ಆರೇಳಕ್ಕಿಂತ ಹೆಚ್ಚಾಗದಿರಲಿ.

ತೃಪ್ತಿ ಸಮೀಕ್ಷೆಯ ಬಗ್ಗೆ ಒಂದು ಮಾತು. ಐದು ಅಂಕಗಳ ಪ್ರಶ್ನಾವಳಿಯನ್ನು ಕೊಟ್ಟು, ಶೇಕಡಾ ಇಷ್ಟು ಜನ ತೃಪ್ತರು ಎಂದು ಬರೆಯುವ ಪದ್ಧತಿ ಎಲ್ಲೆಡೆ ಇದೆ. ಇನ್ನೊಬ್ಬರ ನೆರವಿಲ್ಲದೆ ಹೊರಗೆ ಹೋಗಲಾರದ ವ್ಯಕ್ತಿಗೆ, ಆ ನೆರವು ಕೊಡುವವರೇ ಪ್ರಶ್ನಾವಳಿ ಹಿಡಿದು ಎದುರು ನಿಂತಾಗ ಬರುವ ಉತ್ತರದಲ್ಲಿ ಕೃತಜ್ಞತೆ ಎಷ್ಟು, ಸೇವೆ ನಿಂತುಹೋದೀತೆಂಬ ಅಂಜಿಕೆ ಎಷ್ಟು, ನಿಜ ಎಷ್ಟು ಎಂದು ಬೇರ್ಪಡಿಸಲಾಗದು. ಅಂಥ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಅಭಿಪ್ರಾಯದ ಬದಲು ಘಟನೆಯನ್ನು ಕೇಳಿ: ಕಳೆದ ಬಾರಿ ಆಸ್ಪತ್ರೆಗೆ ಹೋದ ದಿನ ಬೆಳಗಿನಿಂದ ಮನೆಗೆ ಮರಳುವವರೆಗೆ ಏನೇನಾಯಿತು, ಎಲ್ಲಿ ಕಾದಿರಿ, ಎಷ್ಟು ಹೊತ್ತು, ಜೊತೆಯಲ್ಲಿ ಯಾರಿದ್ದರು. ಇಂಗ್ಲೆಂಡಿನ ಲೂಟನ್ ಆ್ಯಂಡ್ ಡನ್‌ಸ್ಟೆಬಲ್ ಆಸ್ಪತ್ರೆಯ ತಲೆ ಮತ್ತು ಕತ್ತಿನ ಕ್ಯಾನ್ಸರ್ ವಿಭಾಗದಲ್ಲಿ 2005–06ರ ಸುಮಾರಿಗೆ ಪ್ರಯೋಗಿಸಿದ ಅನುಭವಾಧಾರಿತ ಸಹವಿನ್ಯಾಸ ವಿಧಾನ ಈ ಬಗೆಯದು. ರೋಗಿಗಳು ತಮ್ಮ ಚಿಕಿತ್ಸೆಯ ಪಯಣವನ್ನು ಹೇಳಿದ್ದನ್ನು ಚಿತ್ರೀಕರಿಸಿ, ಅದನ್ನು ರೋಗಿಗಳೂ ಸಿಬ್ಬಂದಿಯೂ ನೋಡಿ, ಮನಸ್ಸಿಗೆ ನಾಟಿದ ಘಳಿಗೆಗಳನ್ನು ಗುರುತಿಸಿ, ಬಳಿಕ ಒಟ್ಟಿಗೆ ಕುಳಿತು ಯಾವುದನ್ನು ಮೊದಲು ಸರಿಪಡಿಸಬೇಕೆಂದು ತೀರ್ಮಾನಿಸುವುದು ಅದರ ಕ್ರಮ. ಚಿತ್ರೀಕರಣದ ಅನುಕೂಲ ನಿಮಗಿಲ್ಲದಿದ್ದರೆ ಧ್ವನಿಮುದ್ರಣ ಸಾಕು, ಒಪ್ಪಿಗೆಯನ್ನು ಮಾತ್ರ ಮೊದಲೇ ಪಡೆಯಬೇಕು.

ಈಗ ಕಷ್ಟದ ಭಾಗ. ಸುಧಾರಣೆಯಾಗಿದೆ ಎಂದು ತೋರಿಸಬಹುದು. ಅದು ಸಹಭಾಗಿತ್ವದಿಂದಲೇ ಆಯಿತೆಂದು ತೋರಿಸುವುದು ಹೇಗೆ? ಉಗಾಂಡಾದ ಎರಡು ಅಧ್ಯಯನಗಳು ಇಲ್ಲಿ ನಮ್ಮನ್ನು ವಿನಯಕ್ಕೆ ತರುತ್ತವೆ. ಅಲ್ಲಿನ 50 ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ, ಅವುಗಳಲ್ಲಿ ಅರ್ಧದಷ್ಟು ಕಡೆ ಊರಿನವರಿಗೆ ತಮ್ಮ ಕೇಂದ್ರದ ಕೆಲಸದ ಕುರಿತ ಅಂಕಪಟ್ಟಿಯನ್ನು ಕೊಟ್ಟು, ಅವರೂ ಸಿಬ್ಬಂದಿಯೂ ಸಭೆ ಸೇರಿ ಸುಧಾರಣೆಯ ಯೋಜನೆ ಮಾಡಿಕೊಳ್ಳುವಂತೆ ಏರ್ಪಾಡು ಮಾಡಲಾಯಿತು. ಒಂದು ವರ್ಷದ ನಂತರ ಅಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣ ಉಳಿದ ಕಡೆಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಾದ್ಯಂತ ಉಲ್ಲೇಖಗೊಂಡಿತು. ಮುಂದೆ ಅದೇ ದೇಶದಲ್ಲಿ ಬೇರೆ ಸಂಶೋಧಕರು 376 ಆರೋಗ್ಯ ಕೇಂದ್ರಗಳಲ್ಲಿ ಅದೇ ಮಾದರಿಯ ಪ್ರಯೋಗವನ್ನು ನಡೆಸಿದಾಗ ಚಿಕಿತ್ಸೆಯ ಗುಣಮಟ್ಟ ಮತ್ತು ರೋಗಿಗಳ ತೃಪ್ತಿ ಸ್ವಲ್ಪ ಏರಿದವು, ಮಕ್ಕಳ ಮರಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮೊದಲನೆಯದು ಸುಳ್ಳು ಎಂದು ಇದರ ಅರ್ಥವಲ್ಲ. ಕಾಲ ಬದಲಾದಂತೆ, ಆರಂಭದ ಸ್ಥಿತಿ ಬದಲಾದಂತೆ, ಅದೇ ಸಭೆ ಅದೇ ಫಲ ಕೊಡುವುದಿಲ್ಲ ಎಂದಷ್ಟೇ ತಿಳಿಯಬೇಕು. ನೂರಾರು ಕೇಂದ್ರಗಳ ಪ್ರಯೋಗವೇ ಇಷ್ಟು ಎಚ್ಚರದಿಂದ ಮಾತಾಡಬೇಕಾಗಿರುವಾಗ, ಒಂದೇ ಸಂಸ್ಥೆಯ ಮೂರು ವರ್ಷಗಳ ಅನುಭವವನ್ನಿಟ್ಟುಕೊಂಡು ‘ಸಹಭಾಗಿತ್ವದಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಇಂತಿಷ್ಟು ಇಳಿಯಿತು’ ಎಂದು ಬರೆಯುವುದು ಸಲ್ಲದು.

ಹಾಗಾದರೆ ಏನು ಬರೆಯಬಹುದು? ಕೆನಡಾದ ಮೌಲ್ಯಮಾಪನ ತಜ್ಞ ಜಾನ್ ಮೇನ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ಕೊಡುಗೆ ವಿಶ್ಲೇಷಣೆ ನಿಮಗೆ ಹೊಂದುತ್ತದೆ. ‘ಇದರಿಂದಲೇ ಆಯಿತು’ ಎಂದು ಸಾಧಿಸಲು ಹೋಗದೆ, ‘ಇದೂ ಒಂದು ಕಾರಣ ಎನ್ನಲು ಸಾಕಷ್ಟು ಆಧಾರವಿದೆಯೇ’ ಎಂದು ಅದು ಕೇಳುತ್ತದೆ. ಹಿರಿಯರ ಒತ್ತಾಯದಿಂದ ಒಂದು ಮನೆಗೆ ಪ್ರತಿ ಸಲವೂ ಅದೇ ಕಾರ್ಯಕರ್ತರು ಹೋಗುವ ವ್ಯವಸ್ಥೆ ಬಂತು ಎಂದುಕೊಳ್ಳಿ. ನಿರ್ಧಾರ ಯಾವಾಗ ಬದಲಾಯಿತೆಂದು ನಡಾವಳಿ ಹೇಳುತ್ತದೆ. ಅದಕ್ಕೆ ಮುಂಚಿನ ಮತ್ತು ಅನಂತರದ ತಿಂಗಳುಗಳಲ್ಲಿ ತಪ್ಪಿದ ಭೇಟಿಗಳೆಷ್ಟು, ಹಿರಿಯರೇ ರದ್ದುಪಡಿಸಿದ ಭೇಟಿಗಳೆಷ್ಟು ಎಂದು ಹಾಜರಿ ಪುಸ್ತಕ ಹೇಳುತ್ತದೆ. ಅದೇ ಅವಧಿಯಲ್ಲಿ ಸಿಬ್ಬಂದಿಯ ಸಂಖ್ಯೆಯೂ ಹೆಚ್ಚಿತ್ತೇ, ಹವಾಮಾನ ಅಥವಾ ಸಾಂಕ್ರಾಮಿಕ ಕಾಯಿಲೆಯ ಕಾರಣವಿತ್ತೇ ಎಂಬ ಪರ್ಯಾಯ ವಿವರಣೆಗಳನ್ನು ಒಂದೊಂದಾಗಿ ಪರಿಶೀಲಿಸಿ ತಳ್ಳಬೇಕು ಅಥವಾ ಒಪ್ಪಬೇಕು. ಹೀಗೆ ಎರಡು ಮೂರು ಬದಲಾವಣೆಗಳನ್ನು ಕೊನೆಯವರೆಗೆ ಬೆನ್ನುಹತ್ತಿದರೆ ಸಾಕು. ಹತ್ತನ್ನು ಮೇಲುಮೇಲೆ ಮುಟ್ಟಿಹೋದ ವರದಿಗಿಂತ ಅದು ಗಟ್ಟಿಯಾಗಿರುತ್ತದೆ.

ವೆಚ್ಚದ ಪುಟದಲ್ಲಿ ಹಿರಿಯರೂ ಮನೆಯವರೂ ಕೊಟ್ಟ ಸಮಯ ಕಾಣಿಸಿಕೊಳ್ಳಬೇಕು. ಸಭೆಗಳಿಗೆ, ತಯಾರಿಗೆ, ಹೊಸಬರಿಗೆ ಫೋನಿನಲ್ಲಿ ಧೈರ್ಯ ಹೇಳುವುದಕ್ಕೆ ಹೋದ ಗಂಟೆಗಳನ್ನು ತಿಂಗಳೊಂದರ ಮಟ್ಟಿಗಾದರೂ ದಾಖಲಿಸಿ ನೋಡಿ. ಅಮೆರಿಕದ ವಕೀಲ ಎಡ್ಗರ್ ಕಾನ್ 1980ರ ದಶಕದಲ್ಲಿ ಆರಂಭಿಸಿದ ಸಮಯ ಬ್ಯಾಂಕ್ ಪದ್ಧತಿಯಲ್ಲಿ ಯಾರದ್ದೇ ಆದರೂ ಒಂದು ಗಂಟೆ ಒಂದು ಗಂಟೆಗೆ ಸಮ. ವೈದ್ಯರದ್ದಕ್ಕೂ ಹರಟೆಗೆ ಜೊತೆಯಾಗುವವರದ್ದಕ್ಕೂ ಬೇರೆ ಬೆಲೆಯಿಲ್ಲ. ಆ ಲೆಕ್ಕದ ಕ್ರಮವನ್ನು ಬಳಸಿಕೊಳ್ಳಿ. ಆದರೆ ಒಂದು ತಪ್ಪನ್ನು ಮಾಡಬೇಡಿ: ಆ ಗಂಟೆಗಳನ್ನು ಕೂಲಿದರದಿಂದ ಗುಣಿಸಿ ಉಳಿತಾಯವೆಂದು ತೋರಿಸಬೇಡಿ. ಮಗಳ ಸಂಜೆಗಳು ಸಂಸ್ಥೆಯ ಉಳಿತಾಯವಲ್ಲ. ಹಾಗೆ ತೋರಿಸಿದ ಮರುವರ್ಷ ಅನುದಾನ ಅಷ್ಟೇ ಕಡಿತವಾದರೆ, ಸಹನಿರ್ಮಾಣವೆಂಬ ಹೆಸರಿನಲ್ಲಿ ಹೊರೆಯನ್ನು ಮನೆಯವರ ಹೆಗಲಿಗೆ ದಾಟಿಸಿದಂತಾಗುತ್ತದೆ.

ಇದೇ ಕಾರಣಕ್ಕೆ ಸಂಸ್ಥೆ ತನ್ನ ಪಾಲನ್ನು ನಿರ್ವಹಿಸಿತೇ ಎಂಬುದನ್ನೂ ಅಳೆಯಬೇಕು. ಆಸ್ಟ್ರಮ್ 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈಶಾನ್ಯ ಬ್ರೆಜಿಲ್‌ನ ಒಳಚರಂಡಿ ಯೋಜನೆಯನ್ನು ಚರ್ಚಿಸಿದ್ದಾರೆ. ಅಲ್ಲಿ ಬೀದಿಯೊಳಗಿನ ಕೊಳವೆ ಹೇಗೆ ಸಾಗಬೇಕೆಂಬುದನ್ನು ನಿವಾಸಿಗಳೇ ಕುಳಿತು ತೀರ್ಮಾನಿಸುತ್ತಿದ್ದರು, ಅದರ ನಿರ್ವಹಣೆಯಲ್ಲೂ ಪಾಲು ಹೊರುತ್ತಿದ್ದರು. ಆದರೆ ಆ ಕೊಳವೆಗಳು ಸೇರಬೇಕಾದ ಮುಖ್ಯ ಮಾರ್ಗ ಸಾರ್ವಜನಿಕ ಸಂಸ್ಥೆಯ ಹೊಣೆ. ಅದು ಇಲ್ಲದೆ ಜನರ ಅರ್ಧದಿಂದ ಏನೂ ಹರಿಯದು. ನಿಮ್ಮಲ್ಲಿ ಹಿರಿಯರು ಕೊಟ್ಟ ಮಾತು ಮತ್ತು ಸಂಸ್ಥೆ ಕೊಟ್ಟ ಮಾತು ಎರಡನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಬರೆಯಿರಿ.

ಇನ್ನು ಸಿಬ್ಬಂದಿಯ ಆಕ್ಷೇಪ. ಮೌಲ್ಯಮಾಪನ ಕ್ಷೇತ್ರದ ವಿದ್ವಾಂಸ ಮೈಕಲ್ ಸ್ಕ್ರಿವೆನ್ 1967ರಲ್ಲಿ ಮಾಡಿದ ವಿಂಗಡಣೆಯೊಂದು ಇಲ್ಲಿ ನೆರವಿಗೆ ಬರುತ್ತದೆ: ನಡೆಯುತ್ತಿರುವ ಕೆಲಸವನ್ನು ತಿದ್ದಿಕೊಳ್ಳಲು ಮಾಡುವ ಮೌಲ್ಯಮಾಪನ ಒಂದು, ಅದರ ಬೆಲೆಯನ್ನು ಕೊನೆಯಲ್ಲಿ ತೀರ್ಮಾನಿಸಲು ಮಾಡುವ ಮೌಲ್ಯಮಾಪನ ಇನ್ನೊಂದು. ಮೊದಲನೆಯದನ್ನು ಹಿರಿಯರೂ ಸಿಬ್ಬಂದಿಯೂ ಕೂಡಿ ನಡೆಸುವುದರಲ್ಲಿ ಯಾವ ತೊಡಕೂ ಇಲ್ಲ. ಎರಡನೆಯದಕ್ಕೆ ಹೊರಗಿನ ಒಬ್ಬ ಮೌಲ್ಯಮಾಪಕರು ಇರಲಿ. ಆದರೆ ಅವರನ್ನು ಆಯ್ಕೆ ಮಾಡುವ ಸಮಿತಿಯಲ್ಲಿ ಹಿರಿಯರಿರಲಿ, ಅವರು ಉತ್ತರಿಸಬೇಕಾದ ಪ್ರಶ್ನೆಗಳನ್ನು ಎಲ್ಲರೂ ಕೂಡಿ ಬರೆದುಕೊಡಲಿ. ಸಂದರ್ಶನಗಳನ್ನು ತರಬೇತಿ ಪಡೆದ ಹಿರಿಯರೇ ಮಾಡಬಹುದು. ಸಮಾನ ಅನುಭವವಿರುವವರ ಮುಂದೆ ಜನ ಬಿಚ್ಚಿ ಮಾತಾಡುವ ಸಂಭವ ಹೆಚ್ಚು. ಆದರೆ ನೆರೆಮನೆಯವರನ್ನು, ಪರಿಚಿತರನ್ನು ಸಂದರ್ಶಿಸಬಾರದು. ಕೇಳಿದ್ದು ಆಚೆ ಹೋಗಬಾರದೆಂಬ ನಿಯಮ ಸಿಬ್ಬಂದಿಗಿರುವಷ್ಟೇ ಬಿಗಿಯಾಗಿ ಅವರಿಗೂ ಇರಬೇಕು. ಅವರ ಸಮಯಕ್ಕೆ ಗೌರವಧನ ಕೊಡಿ. ಹಣ ಪಡೆದರೆ ಅವರು ನಿಷ್ಪಕ್ಷಪಾತಿಗಳಾಗಿ ಉಳಿಯುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಹೊರಗಿನ ಮೌಲ್ಯಮಾಪಕರೂ ಹಣ ಪಡೆದೇ ಬರುತ್ತಾರೆ ಎಂಬುದನ್ನು ಆಗ ನೆನಪಿಸಬಹುದು. ವಿಶ್ಲೇಷಣೆಯಲ್ಲಿ ಹಿರಿಯರಿಗೂ ಮೌಲ್ಯಮಾಪಕರಿಗೂ ಭಿನ್ನಾಭಿಪ್ರಾಯ ಬಂದರೆ ಒಂದನ್ನು ಅಳಿಸಿ ಒಮ್ಮತ ಸೃಷ್ಟಿಸುವ ಬದಲು ಎರಡನ್ನೂ ಹೆಸರಿಸಿ ಅಚ್ಚುಮಾಡಿ. ತಮ್ಮ ಸೇವೆಯ ಬಗ್ಗೆ ಹಿರಿಯರಿಗೆ ಹಿತಾಸಕ್ತಿಯಿದೆ ಎಂಬುದು ನಿಜ. ಸಂಸ್ಥೆಗೂ ಇದೆ, ಅನುದಾನ ನೀಡುವವರಿಗೂ ಇದೆ. ಯಾರ ಹಿತ ಎಲ್ಲಿದೆ ಎಂಬುದು ಓದುಗರಿಗೆ ಕಾಣುವಂತಿದ್ದರೆ ಸಾಕು.

ನನಗೆ ಹೆಚ್ಚು ಚಿಂತೆಯಾಗುವುದು ಸಮಿತಿಯಲ್ಲಿರುವ ಹಿರಿಯರ ಪಕ್ಷಪಾತದ ಬಗ್ಗೆ ಅಲ್ಲ, ಸಮಿತಿಗೆ ಬಾರದ ಹಿರಿಯರ ಬಗ್ಗೆ. ಸಭೆಗೆ ಬರುವವರು ನಡೆಯಬಲ್ಲವರು, ಕಿವಿ ಚೆನ್ನಾಗಿ ಕೇಳುವವರು, ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿರುವವರು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಸೇವೆಯನ್ನು ಅರ್ಧಕ್ಕೆ ಬಿಟ್ಟುಹೋದವರು, ಹೆಸರು ನೋಂದಾಯಿಸಿ ಸರದಿಗಾಗಿ ಕಾಯುತ್ತಲೇ ಉಳಿದವರು ಅಲ್ಲಿರುವುದಿಲ್ಲ. ಮಾಹಿತಿ ಪಡೆಯಬೇಕಾದವರನ್ನು ಆರಿಸುವಾಗ ಇವರನ್ನು ಉದ್ದೇಶಪೂರ್ವಕವಾಗಿ ಹುಡುಕಿ ಸೇರಿಸಿ. ಬಿಟ್ಟುಹೋದ ಐದಾರು ಜನರ ಮನೆಗೆ ಹೋಗಿ ಕಾರಣ ಕೇಳಿದರೆ, ಉಳಿದ ಐವತ್ತು ಜನರ ಪ್ರಶ್ನಾವಳಿಯಲ್ಲಿ ಸಿಗದ ಸಂಗತಿಗಳು ಸಿಗುವ ಸಾಧ್ಯತೆ ಹೆಚ್ಚು. ಸಮಿತಿಯ ಹಿರಿಯರಿಗೆ ಮುಖ್ಯವೆನಿಸಿದ್ದೂ ಇವರಿಗೆ ಮುಖ್ಯವೆನಿಸಿದ್ದೂ ಬೇರೆಯಾಗಿದ್ದರೆ ಅದು ನಿಮ್ಮ ಸಹನಿರ್ಮಾಣದ ಮಿತಿ. ವರದಿಯ ಮುಖ್ಯ ಭಾಗದಲ್ಲೇ ಅದಕ್ಕೆ ಜಾಗವಿರಲಿ.

ಕರಡು ಸಿದ್ಧವಾದ ಮೇಲೆ ಅದು ಅನುದಾನ ನೀಡುವವರಿಗಿಂತ ಮೊದಲು ಮಾಹಿತಿ ಕೊಟ್ಟ ಹಿರಿಯರ ಕೈಗೆ ಹೋಗಬೇಕು. ನಾಲ್ಕು ಪುಟ ಮೀರದ, ದೊಡ್ಡ ಅಕ್ಷರಗಳ ಪ್ರತಿಯೊಂದನ್ನು ಮಾಡಿಸಿ. ಓದಲಾಗದವರಿಗೆ ಮನೆಭೇಟಿಯ ಹೊತ್ತಿನಲ್ಲಿ ಓದಿ ಹೇಳಲು, ಆ ಮನೆಗೆ ಮಾಮೂಲಾಗಿ ಹೋಗುವ ಕಾರ್ಯಕರ್ತರನ್ನು ಬಿಟ್ಟು ಬೇರೆ ಯಾರಿಗಾದರೂ ಹೇಳಿ. ತಪ್ಪು ತಿಳಿಸಲು ಮೂರು ವಾರ ಅವಕಾಶ ಕೊಡಿ. ಅಂತಿಮ ವರದಿಯಲ್ಲಿ ಪ್ರತಿ ಅಂಶದ ಎದುರು ಸಂಸ್ಥೆ ಏನು ಮಾಡುತ್ತದೆ, ಯಾವ ತಿಂಗಳೊಳಗೆ, ಮಾಡಲಾಗದಿದ್ದರೆ ಏಕೆ ಎಂಬುದನ್ನು ಬರೆದು, ಅದನ್ನು ಪರಿಶೀಲಿಸುವ ಸಭೆಯ ದಿನಾಂಕವನ್ನು ಅದೇ ಪುಟದಲ್ಲಿ ನಮೂದಿಸಿ.